ಆದಿಪುರಾಣದ ಭರತ: ಅರಿವಿಗೂ ಆಚರಣೆಗೂ ನಡುವೆ

ಜೈನದರ್ಶನವು ಮೋಕ್ಷಮಾರ್ಗವನ್ನು ನಿರೂಪಿಸುವಾಗ ಜ್ಞಾನವೊಂದನ್ನೇ ಹೇಳಿ ನಿಲ್ಲುವುದಿಲ್ಲ. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್‌ಚಾರಿತ್ರ ಈ ಮೂರೂ ಕೂಡಿದಾಗ ಮಾತ್ರ ಅದು ಮಾರ್ಗವೆನಿಸುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಮೊದಲ ಸೂತ್ರದಲ್ಲಿ ಮೂರನ್ನು ಹೆಸರಿಸಿಯೂ ‘ಮಾರ್ಗ’ ಎಂಬ ಪದವನ್ನು ಏಕವಚನದಲ್ಲಿಯೇ ಇಟ್ಟಿರುವುದರ ಕಡೆಗೆ ವ್ಯಾಖ್ಯಾನಕಾರರು ಗಮನ ಸೆಳೆದಿದ್ದಾರೆ. ಮೂರು ದಾರಿಗಳಿಲ್ಲ, ಇರುವುದು ಒಂದೇ ದಾರಿ. ಕಾಡ್ಗಿಚ್ಚಿನ ನಡುವೆ ಸಿಕ್ಕಿಬಿದ್ದ ಕುರುಡ ಮತ್ತು ಕುಂಟರ ದೃಷ್ಟಾಂತವನ್ನು ಪೂರ್ವಾಚಾರ್ಯರು ಹೇಳಿದ್ದು ಈ ಕಾರಣಕ್ಕಾಗಿಯೇ. ಕುಂಟನಿಗೆ ದಾರಿ ಕಾಣುತ್ತದೆ, ಆದರೆ ನಡೆಯಲಾರ. ಕುರುಡ ಓಡಬಲ್ಲ, ಆದರೆ ಬೆಂಕಿಯ ಕಡೆಗೇ ಓಡುತ್ತಾನೆ. ಬೇರೆಬೇರೆಯಾಗಿದ್ದರೆ ಇಬ್ಬರೂ ಸುಟ್ಟುಹೋಗುತ್ತಾರೆ.

ಈ ತತ್ತ್ವವನ್ನು ಅರಿಯದ ಶ್ರಾವಕನಿಲ್ಲ. ಪರ್ಯೂಷಣದ ದಿನಗಳಲ್ಲಿ ಪ್ರತಿ ಬಸದಿಯಲ್ಲಿಯೂ ಇದನ್ನು ಕೇಳಬಹುದು. ಹೀಗಿದ್ದರೂ ಅರಿವು ಆಚರಣೆಯಾಗದೆ ಉಳಿಯುವುದು ಏಕೆ? ಒಬ್ಬ ಗೃಹಸ್ಥನ ವಿಷಯದಲ್ಲಿ ಈ ಪ್ರಶ್ನೆ ಅವನಿಗೂ ಅವನ ಕರ್ಮಕ್ಕೂ ಸಂಬಂಧಿಸಿದ್ದು. ಆದರೆ ಮುಂದಾಳುವಾದವನು, ಅವನು ಅರಸನಾಗಿರಲಿ, ಊರಿನ ಯಜಮಾನನಾಗಿರಲಿ, ಬಸದಿಯ ಆಡಳಿತ ಮಂಡಳಿಯ ಅಧ್ಯಕ್ಷನಾಗಿರಲಿ, ಅರಿತಂತೆ ನಡೆಯದಿದ್ದರೆ ಅವನ ಹಿಂದೆ ನಡೆಯುವವರೆಲ್ಲರೂ ದಾರಿ ತಪ್ಪುತ್ತಾರೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ನೀತಿಬೋಧೆಯಲ್ಲಿ ಹುಡುಕುವುದಕ್ಕಿಂತ ಒಬ್ಬ ಮುಂದಾಳುವಿನ ಕಥೆಯಲ್ಲಿ ಹುಡುಕುವುದು ಮೇಲು. ಅಂಥ ಕಥೆ ಕನ್ನಡದ ಆದಿಕವಿಯ ಧಾರ್ಮಿಕ ಕಾವ್ಯದಲ್ಲಿಯೇ ಇದೆ.

ಪಂಪನು ಆದಿಪುರಾಣವನ್ನು ರಚಿಸಿದ್ದು ಕ್ರಿ.ಶ. 941ರಲ್ಲಿ. ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣ ಅದಕ್ಕೆ ಆಕರ. ಪಂಪ ಲೌಕಿಕವನ್ನು ಒಂದು ಕಾವ್ಯದಲ್ಲಿಯೂ ಜಿನಾಗಮವನ್ನು ಇನ್ನೊಂದರಲ್ಲಿಯೂ ಬೆಳಗಿಸುವುದಾಗಿ ತಾನೇ ಹೇಳಿಕೊಂಡವನು. ಆದುದರಿಂದ ಆದಿಪುರಾಣವನ್ನು ಕೇವಲ ಆಗಮದ ಕಾವ್ಯವೆಂದೂ, ರಾಜನೀತಿಗಾಗಿ ವಿಕ್ರಮಾರ್ಜುನವಿಜಯವನ್ನು ಓದಬೇಕೆಂದೂ ತಿಳಿಯುವ ರೂಢಿಯುಂಟು. ಈ ವಿಭಜನೆ ಪೂರ್ಣವಾಗಿ ಸರಿಯಲ್ಲ. ಪಂಪ ಅರಿಕೇಸರಿಯ ಆಸ್ಥಾನದಲ್ಲಿದ್ದವನು; ಕವಿಯೂ ಹೌದು, ಯೋಧನೂ ಹೌದು. ಅಧಿಕಾರದಲ್ಲಿರುವವರ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು ಹತ್ತಿರದಿಂದ ಕಂಡವನು. ಆ ಅನುಭವ ಆದಿಪುರಾಣದ ಉತ್ತರಾರ್ಧದಲ್ಲಿ, ಮುಖ್ಯವಾಗಿ ಭರತನ ಪಾತ್ರದಲ್ಲಿ, ಸ್ಪಷ್ಟವಾಗಿ ಕಾಣುತ್ತದೆ.

ಕಂಡವನು ಒಬ್ಬನೇ

ಭರತನನ್ನು ಅರಿಯಬೇಕಾದರೆ ಮೊದಲು ಅವನ ತಂದೆಯನ್ನು ನೋಡಬೇಕು. ವೃಷಭನಾಥನು ಕಲ್ಪವೃಕ್ಷಗಳು ಅಳಿದ ಕಾಲದಲ್ಲಿ ಹಸಿದು ಬಂದ ಪ್ರಜೆಗಳಿಗೆ ಬದುಕುವ ದಾರಿಯನ್ನು ಕಲಿಸಿದ ಅರಸು. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳು ಅವನಿಂದ ಬಂದುವೆಂದು ಪುರಾಣ ಹೇಳುತ್ತದೆ. ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದವನು ಅವನೇ. ತನ್ನಲ್ಲಿದ್ದ ಜ್ಞಾನವನ್ನು ಜನರ ಕೈಗೆ ಕೆಲಸವಾಗಿ ಕೊಟ್ಟ ಮೊದಲ ನಾಯಕನೆಂದರೆ ಆದಿನಾಥನೇ.

ಅವನ ವೈರಾಗ್ಯದ ಪ್ರಸಂಗ ಕನ್ನಡ ಓದುಗರಿಗೆಲ್ಲ ಪರಿಚಿತವಾದದ್ದು. ದೇವೇಂದ್ರನ ಆಜ್ಞೆಯಂತೆ ನೀಲಾಂಜನೆ ಸಭೆಯಲ್ಲಿ ನರ್ತಿಸುತ್ತಾಳೆ. ನರ್ತನದ ನಡುವೆಯೇ ಅವಳ ಆಯುಷ್ಯ ಮುಗಿಯುತ್ತದೆ. ರಸಭಂಗವಾಗಬಾರದೆಂದು ಇಂದ್ರ ಅದೇ ರೂಪದ ಇನ್ನೊಬ್ಬಳನ್ನು ಆ ಕ್ಷಣವೇ ಅಲ್ಲಿ ನಿಲ್ಲಿಸುತ್ತಾನೆ. ಸಭೆಯೆಲ್ಲ ನೋಡುತ್ತಿದೆ, ಯಾರಿಗೂ ಏನೂ ತಿಳಿಯುವುದಿಲ್ಲ. ವೃಷಭನಾಥನೊಬ್ಬನಿಗೆ ಮಾತ್ರ ತಿಳಿಯುತ್ತದೆ.

ವಿಮರ್ಶಕರು ಈ ಭಾಗದ ನೃತ್ಯವರ್ಣನೆಯನ್ನು ಬಹಳವಾಗಿ ಮೆಚ್ಚಿದ್ದಾರೆ, ಅದು ಯೋಗ್ಯವೇ. ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ತಿಳಿದ ಮೇಲೆ ಅವನು ಕಾಲಹರಣ ಮಾಡಲಿಲ್ಲ. ನೀಲಾಂಜನೆಯ ಸಾವಿಗೂ ಅವನ ರಾಜ್ಯತ್ಯಾಗಕ್ಕೂ ನಡುವೆ ಚರ್ಚೆಯಿಲ್ಲ, ಮುಂದಕ್ಕೆ ನೋಡೋಣವೆಂಬ ಮಾತಿಲ್ಲ. ಅರಿವು ಬಂದದ್ದೂ ಕೈಯಲ್ಲಿದ್ದುದನ್ನು ಬಿಟ್ಟದ್ದೂ ಒಂದೇ ಕ್ರಿಯೆಯ ಎರಡು ತುದಿಗಳಂತಿವೆ. ಕಾವ್ಯ ಈ ಅಳತೆಗೋಲನ್ನು ಮೊದಲೇ ಓದುಗರ ಕೈಗೆ ಕೊಟ್ಟು, ಬಳಿಕ ಮಗನ ಕಥೆಯನ್ನು ಹೇಳತೊಡಗುತ್ತದೆ.

ವೃಷಭಾಚಲದ ಬಂಡೆ

ಭರತ ಅಜ್ಞಾನಿಯಲ್ಲ. ಇದನ್ನು ಪಂಪನೂ ಅವನಿಗಿಂತ ಮೊದಲು ಜಿನಸೇನರೂ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿದ್ದಾರೆ. ಒಂದೇ ವೇಳೆಗೆ ಅವನಿಗೆ ಮೂರು ಸುದ್ದಿಗಳು ಬರುತ್ತವೆ: ತಂದೆಗೆ ಕೇವಲಜ್ಞಾನ ಉದಯಿಸಿದೆ, ಆಯುಧಶಾಲೆಯಲ್ಲಿ ಚಕ್ರರತ್ನ ಹುಟ್ಟಿದೆ, ಅಂತಃಪುರದಲ್ಲಿ ಮಗ ಹುಟ್ಟಿದ್ದಾನೆ. ಧರ್ಮ, ಅರ್ಥ, ಕಾಮಗಳು ಒಟ್ಟಿಗೆ ಬಾಗಿಲು ತಟ್ಟಿದಂತೆ. ಭರತ ಮೊದಲು ಸಮವಸರಣಕ್ಕೆ ಹೋಗಿ ಜಿನಪೂಜೆ ಮಾಡುತ್ತಾನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿದೆ.

ಈ ಪ್ರಸಂಗವನ್ನು ಭರತನ ಧರ್ಮಶ್ರದ್ಧೆಗೆ ಸಾಕ್ಷಿಯಾಗಿ ಉದಾಹರಿಸುವುದು ವಾಡಿಕೆ. ಸಾಕ್ಷಿ ನಿಜವೇ. ಆದರೆ ಪೂಜೆಗೆ ಮೊದಲು ಹೋದದ್ದರಿಂದ ಭರತನಿಗೆ ಆದ ನಷ್ಟವೇನು? ಏನೂ ಇಲ್ಲ. ಚಕ್ರ ಆಯುಧಶಾಲೆಯಲ್ಲಿಯೇ ಇತ್ತು, ಮಗು ತೊಟ್ಟಿಲಲ್ಲಿಯೇ ಇತ್ತು. ಯಾವುದನ್ನೂ ಬಿಡಬೇಕಾಗಿ ಬರದ ಸಂದರ್ಭದಲ್ಲಿ ಅರಿವು ಸುಲಭವಾಗಿ ಆಚರಣೆಯಾಯಿತು. ಇಲ್ಲಿ ಭರತ ಸುಲಭವಾಗಿ ಮಾಡಿದ್ದನ್ನು ಮುಂದೆ ಎಲ್ಲಿ ಮಾಡಲಾರದೆ ಹೋದನೆಂಬುದನ್ನು ನೋಡಿದಾಗಲೇ ಈ ಪ್ರಸಂಗದ ಪೂರ್ಣಾರ್ಥ ಹೊಳೆಯುತ್ತದೆ.

ಷಟ್ಖಂಡಗಳನ್ನು ಗೆದ್ದ ಭರತ ವೃಷಭಾಚಲಕ್ಕೆ ಬರುತ್ತಾನೆ. ಚಕ್ರವರ್ತಿಗಳು ತಮ್ಮ ಪ್ರಶಸ್ತಿಯನ್ನು ಕೆತ್ತಿಸುವ ಬೆಟ್ಟ ಅದು. ತನ್ನಂಥವನು ಇನ್ನೊಬ್ಬನಿಲ್ಲವೆಂಬ ಭಾವನೆಯಿಂದ ಬಂದವನು ಬಂಡೆಯನ್ನು ನೋಡಿದರೆ ಹೆಸರು ಬರೆಯಲು ಎಳ್ಳಷ್ಟೂ ಜಾಗವಿಲ್ಲ. ಹಿಂದಿನ ಕಾಲಗಳಲ್ಲಿ ಆಗಿಹೋದ ಚಕ್ರವರ್ತಿಗಳ ಹೆಸರುಗಳು ಅದನ್ನು ತುಂಬಿಬಿಟ್ಟಿವೆ. ಅವರೆಲ್ಲರೂ ಗೆದ್ದವರು, ಅವರೆಲ್ಲರೂ ಇಲ್ಲವಾದವರು. ಭರತನ ಗರ್ವ ಅಲ್ಲಿ ಕರಗಿತೆಂದು ಕವಿ ಹೇಳುತ್ತಾನೆ.

ಇಡೀ ಪುರಾಣದಲ್ಲಿ ಭರತನಿಗೆ ದೊರೆತ ಅತ್ಯಂತ ದೊಡ್ಡ ಪಾಠ ಇದು. ನೀಲಾಂಜನೆ ತಂದೆಗೆ ಏನನ್ನು ತೋರಿಸಿದಳೋ ಅದನ್ನೇ ಈ ಬಂಡೆ ಮಗನಿಗೆ ತೋರಿಸಿತು. ಅರಿವು ಬಂತು, ಆಮೇಲೆ ನಡೆದದ್ದೇನು? ಭರತ ಒಬ್ಬ ಹಿಂದಿನ ಚಕ್ರವರ್ತಿಯ ಬರಹವನ್ನು ಅಳಿಸಿ ಆ ಜಾಗದಲ್ಲಿ ತನ್ನ ಪ್ರಶಸ್ತಿಯನ್ನು ಬರೆಯುತ್ತಾನೆ.

ಗರ್ವ ಕರಗಿದ ಮೇಲೆ ಅಳಿಸುವುದೇಕೆ? ಬರೆಯುವುದೇಕೆ? ಈ ಪ್ರಶ್ನೆಗೆ ಕಾವ್ಯ ಬಿಡಿಸಿ ಉತ್ತರ ಹೇಳುವುದಿಲ್ಲ. ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ಮುಂದೆ ಸಾಗುತ್ತದೆ. ಸಂಪ್ರದಾಯವನ್ನು ಪಾಲಿಸಿದನೆಂದು ಭರತನ ಪರವಾಗಿ ಹೇಳಬಹುದು. ಚಕ್ರವರ್ತಿಯಾದವನು ಅಲ್ಲಿ ಹೆಸರು ಬರೆಯಲೇಬೇಕು, ಹಿಂದಿನವರೂ ಬರೆದಿದ್ದಾರೆ. ಆದರೆ ಅರಿವನ್ನು ಕೊಲ್ಲುವ ವಾದ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಮುಂದಾಳುವಾದವನು ತಾನು ತಿಳಿದದ್ದು ಸುಳ್ಳೆಂದು ಎಂದೂ ಹೇಳುವುದಿಲ್ಲ. ತಿಳಿದದ್ದು ನಿಜ, ಆದರೆ ಪದ್ಧತಿ ಹೀಗಿದೆ ಎನ್ನುತ್ತಾನೆ. ಮನಸ್ಸು ಬದಲಾಗಿದೆಯೆಂದು ಅವನು ನಂಬಿರುವಾಗಲೇ ಕೈ ತನ್ನ ಹಳೆಯ ಕೆಲಸವನ್ನು ಮಾಡಿ ಮುಗಿಸಿರುತ್ತದೆ.

ಊರ ಬಾಗಿಲಲ್ಲಿ ನಿಂತ ಚಕ್ರ

ವೃಷಭಾಚಲದ ಪ್ರಸಂಗವನ್ನು ಬಿಡಿಯಾಗಿ ಓದಿದರೆ ಅದು ಸಂಸಾರದ ಅನಿತ್ಯತೆಯನ್ನು ತೋರಿಸುವ ಒಂದು ಸುಂದರ ಸನ್ನಿವೇಶವಾಗಿ ಮುಗಿದುಹೋಗುತ್ತದೆ. ಅದರ ನಂತರ ಬರುವುದರೊಂದಿಗೆ ಕೂಡಿಸಿ ಓದಿದಾಗ ಅದರ ತೂಕ ತಿಳಿಯುತ್ತದೆ. ದಿಗ್ವಿಜಯದಿಂದ ಮರಳಿದ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ, ಒಳಗೆ ಬರುವುದಿಲ್ಲ. ಜಗತ್ತನ್ನೆಲ್ಲ ಗೆದ್ದರೂ ಮನೆಯವರು ಇನ್ನೂ ತಲೆಬಾಗಿಲ್ಲವೆಂಬುದು ಪುರೋಹಿತನ ವಿವರಣೆ. ಭರತ ತಮ್ಮಂದಿರಿಗೆ ಓಲೆ ಕಳುಹಿಸುತ್ತಾನೆ. ತೊಂಬತ್ತೆಂಟು ಮಂದಿ ತಮ್ಮಂದಿರು ತಂದೆಯ ಬಳಿಗೆ ಹೋಗಿ ದೀಕ್ಷೆ ಪಡೆಯುತ್ತಾರೆ. ಪೌದನಪುರದ ಬಾಹುಬಲಿ ಮಾತ್ರ ತಲೆಬಾಗಲು ಒಪ್ಪುವುದಿಲ್ಲ.

ಬೆಟ್ಟದ ಮೇಲೆ ಕರಗಿದ ಗರ್ವ ಊರ ಬಾಗಿಲಿಗೆ ಬರುವ ಹೊತ್ತಿಗೆ ಮತ್ತೆ ಗಟ್ಟಿಯಾಗಿತ್ತು. ಹೆಸರಿಗಾಗಿ ಸತ್ತವನ ಬರಹವನ್ನು ಅಳಿಸಿದವನು ಈಗ ಹೆಸರಿಗಾಗಿ ಬದುಕಿರುವ ತಮ್ಮನ ಮೇಲೆ ದಂಡೆತ್ತಿ ಬಂದಿದ್ದಾನೆ. ಸಣ್ಣದರಲ್ಲಿ ಬಿಡಲಾರದವನು ದೊಡ್ಡದರಲ್ಲಿ ಬಿಡುವುದಿಲ್ಲ. ಒಂದು ಸಾಲಿನ ಬರಹವೇನು ಮಹಾ ಎಂದು ವೃಷಭಾಚಲದಲ್ಲಿ ಯಾರಾದರೂ ಕೇಳಬಹುದಿತ್ತು. ಅದರ ಬೆಲೆ ಏನೆಂಬುದು ಪೌದನಪುರದ ಎದುರಿನಲ್ಲಿ ತಿಳಿಯುತ್ತದೆ.

ಎರಡೂ ಕಡೆಯ ಮಂತ್ರಿಗಳು ಸೈನ್ಯದ ಹತ್ಯೆಯನ್ನು ತಪ್ಪಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸುತ್ತಾರೆ. ಅಹಿಂಸೆಯ ಅರಿವು ಅಷ್ಟರಮಟ್ಟಿಗೆ ಕೆಲಸ ಮಾಡಿತೆಂಬುದನ್ನು ಮರೆಯಬಾರದು. ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಸಾಯದಂತೆ ತಡೆದವರು ಆ ಮಂತ್ರಿಗಳು. ಅವರ ಹೆಸರು ಯಾವ ಬೆಟ್ಟದ ಮೇಲೂ ಇಲ್ಲ. ಮೂರು ಯುದ್ಧಗಳಲ್ಲಿಯೂ ಬಾಹುಬಲಿಯೇ ಗೆಲ್ಲುತ್ತಾನೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಗೌರವದಿಂದ ಮೆಲ್ಲನೆ ಇಳಿಸುತ್ತಾನೆ. ಸೋಲನ್ನು ಸಹಿಸಲಾರದ ಭರತ ಚಕ್ರವನ್ನು ಪ್ರಯೋಗಿಸುತ್ತಾನೆ. ಆ ಚಕ್ರ ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ಅವನ ಪಕ್ಕದಲ್ಲಿ ನಿಲ್ಲುತ್ತದೆ.

ಇಲ್ಲಿ ಇಬ್ಬರಿಗೂ ತಿಳಿದಿದ್ದದ್ದು ಒಂದೇ ಧರ್ಮ, ಇಬ್ಬರ ತಂದೆಯೂ ಗುರುವೂ ಒಬ್ಬನೇ. ವ್ಯತ್ಯಾಸವಿದ್ದುದು ಜ್ಞಾನದಲ್ಲಿ ಅಲ್ಲ. ಗೆಲುವು ಕೈಯಲ್ಲಿದ್ದಾಗ ಬಾಹುಬಲಿ ಅದನ್ನು ಇಳಿಸಿದ. ಸೋಲು ಕಣ್ಣೆದುರಿಗಿದ್ದಾಗಲೂ ಭರತ ಹಿಡಿದದ್ದನ್ನು ಬಿಡಲಿಲ್ಲ. ಈ ಭಾಗದಿಂದ ಹೊರಡುವ ತಾತ್ಪರ್ಯ ಇಷ್ಟೇ: ಅರಿವು ಆಚರಣೆಯಾಗುವುದು ಕೈಯಲ್ಲಿರುವುದನ್ನು ಬಿಡುವ ಕ್ಷಣದಲ್ಲಿ. ಬಿಡಬೇಕಾದದ್ದು ಏನೂ ಇಲ್ಲದಾಗ ಮಾಡಿದ ಧರ್ಮ ಪುಣ್ಯಕಾರ್ಯವಾಗಬಹುದು, ಆದರೆ ಅದರಿಂದ ಅರಿವಿನ ಪರೀಕ್ಷೆಯಾಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಬರಬೇಕಾದ ಬಾಕಿಯೆಂದು ಬರೆದಿಟ್ಟ ಹಣ ಪೆಟ್ಟಿಗೆಯಲ್ಲಿರುವ ಹಣವಲ್ಲವೆಂಬುದನ್ನು ವ್ಯಾಪಾರಿಯಾದವನು ಬಲ್ಲ. ವಸೂಲಾಗುವ ತನಕ ಅದು ಬರಿಯ ಬರಹ. ಜ್ಞಾನವೂ ಹಾಗೆಯೇ.

ತಲೆಬಾಗಿದ ಅಣ್ಣ

ಭರತನ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅವನಿಗೆ ಅನ್ಯಾಯವಾಗುತ್ತದೆ. ಬಾಹುಬಲಿ ರಾಜ್ಯವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಲ್ಲುತ್ತಾನೆ. ಹುತ್ತ ಬೆಳೆಯುತ್ತದೆ, ಬಳ್ಳಿ ಹಬ್ಬುತ್ತದೆ, ಕೇವಲಜ್ಞಾನ ಮಾತ್ರ ಬರುವುದಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗು ಉಳಿದಿತ್ತೆಂದು ಜಿನಸೇನರು ಹೇಳುತ್ತಾರೆ. ತಾನು ನಿಂತ ನೆಲ ಭರತನದೆಂಬ ಭಾವ ಉಳಿದಿತ್ತೆಂದು ಜನಜನಿತವಾದ ಕಥೆ. ಎರಡರಲ್ಲಿಯೂ ಅಣ್ಣನ ನೆನಪೇ ಗಂಟಾಗಿದೆ. ಕೊನೆಗೆ ಭರತನು ತಾನೇ ಬಂದು ತಮ್ಮನನ್ನು ಪೂಜಿಸಿದಾಗ ಆ ಗಂಟು ಬಿಡುತ್ತದೆ.

ತಮ್ಮ ತಲೆಬಾಗಲಿಲ್ಲವೆಂದು ಯುದ್ಧಕ್ಕೆ ಬಂದ ಚಕ್ರವರ್ತಿ ಈಗ ತಾನೇ ತಲೆಬಾಗಿದ್ದಾನೆ. ವೃಷಭಾಚಲದ ಬಂಡೆ ಕಲಿಸಿದ ಪಾಠ ಇಲ್ಲಿ, ಎಷ್ಟೋ ತಡವಾಗಿ, ಅವನ ಕತ್ತಿಗೆ ಇಳಿಯಿತು. ಇನ್ನೂ ಮುಖ್ಯವಾದ ಮಾತೆಂದರೆ, ಭರತನ ಈ ಕ್ರಿಯೆಯಿಂದ ಬಿಡುಗಡೆ ದೊರೆತದ್ದು ಮೊದಲು ಬಾಹುಬಲಿಗೆ. ಮುಂದಾಳುವಾದವನ ಆಚರಣೆಗಿರುವ ವಿಶೇಷ ಇದೇ. ಅವನು ಅಹಂಕಾರವನ್ನು ಹಿಡಿದಿರುವಷ್ಟು ಕಾಲ ಅವನ ಕೆಳಗಿನವರೂ ನೋವಿನಲ್ಲಿ ಕಟ್ಟುಬಿದ್ದಿರುತ್ತಾರೆ. ಅವನು ಬಿಟ್ಟಾಗ ಅವರೂ ಬಿಡುಗಡೆ ಹೊಂದುತ್ತಾರೆ.

ಆ ಬಳಿಕದ ಭರತನನ್ನು ಕುರಿತು ಜಿನಸೇನರು ಹೇಳುವ ಒಂದು ಸಂಗತಿ ಗಮನಾರ್ಹವಾಗಿದೆ. ಯಾರು ನಿಜವಾದ ವ್ರತಿಗಳೆಂದು ಪರೀಕ್ಷಿಸಲು ಅವನು ಅರಮನೆಯ ಅಂಗಳದಲ್ಲಿ ಹಸುರು ಮೊಳಕೆಗಳನ್ನು ಹರಡಿಸಿ ಜನರನ್ನು ಕರೆಯುತ್ತಾನೆ. ಅನೇಕರು ತುಳಿದುಕೊಂಡೇ ಒಳಗೆ ಬರುತ್ತಾರೆ. ಜೀವವಿರುವ ಮೊಳಕೆಯನ್ನು ತುಳಿಯಲಾರೆವೆಂದು ಕೆಲವರು ಹೊರಗೇ ನಿಲ್ಲುತ್ತಾರೆ. ನಿಂತವರನ್ನು ಭರತ ಗೌರವಿಸುತ್ತಾನೆ. ಅಹಿಂಸೆಯ ಮೇಲೆ ಪ್ರಶ್ನೆ ಕೇಳಿದ್ದರೆ ಬಂದವರೆಲ್ಲರೂ ಸರಿಯುತ್ತರ ಹೇಳುತ್ತಿದ್ದರು. ಅವನು ನಾಲಗೆಯನ್ನು ನೋಡಲಿಲ್ಲ, ಕಾಲನ್ನು ನೋಡಿದ. ಒಮ್ಮೆ ತಾನೇ ಜಾರಿದವನಿಗೆ ಮಾತ್ರ ಇಂಥ ಪರೀಕ್ಷೆ ಹೊಳೆಯುತ್ತದೆ.

ರತ್ನಾಕರನ ಭರತ

ಆದಿಪುರಾಣದ ಭರತನಿಗಿಂತ ಭರತೇಶವೈಭವದ ಭರತನೇ ಜೈನ ಕುಟುಂಬಗಳಲ್ಲಿ ಹೆಚ್ಚು ಪ್ರಿಯನಾದವನು. ಮೂಡಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ರಚಿಸಿದ ಈ ಮಹಾಕಾವ್ಯ ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂದು ಐದು ಭಾಗಗಳಾಗಿದೆ. ಇಲ್ಲಿ ಭರತ ಭೋಗದ ನಡುವೆಯೇ ಯೋಗಿ. ಅಣ್ಣತಮ್ಮಂದಿರ ನಡುವೆ ಮೂರು ಯುದ್ಧಗಳು ನಡೆಯುವುದೇ ಇಲ್ಲ. ಭರತ ಮಾತಿನಲ್ಲಿಯೇ ತಮ್ಮನ ಗೆಲುವನ್ನು ಒಪ್ಪಿಕೊಳ್ಳುತ್ತಾನೆ, ಬಾಹುಬಲಿಯ ಮನಸ್ಸು ಕರಗುತ್ತದೆ.

ರತ್ನಾಕರ ಮಾಡಿದ ಈ ಬದಲಾವಣೆ ಸಾಮಾನ್ಯವಾದುದಲ್ಲ. ಪಂಪನ ಭರತ ತಡವಾಗಿ ಕಲಿತದ್ದನ್ನು ರತ್ನಾಕರನ ಭರತ ಮೊದಲೇ ಮಾಡುತ್ತಾನೆ. ಅಧಿಕಾರದಲ್ಲಿರುವ ಹಿರಿಯನು ಕಿರಿಯನೆದುರು ‘ನೀನೇ ಗೆದ್ದೆ’ ಎಂದು ಮೊದಲು ಹೇಳಿಬಿಟ್ಟರೆ ಯುದ್ಧವೇ ಬೇಕಾಗುವುದಿಲ್ಲವೆಂಬುದು ಎಲ್ಲ ಕಾಲಕ್ಕೂ ಸಲ್ಲುವ ರಾಜನೀತಿ, ಮನೆಯ ನೀತಿಯೂ ಹೌದು. ಎಷ್ಟೋ ಪಾಲುದಾರಿಕೆಗಳು, ಎಷ್ಟೋ ಕೂಡುಕುಟುಂಬಗಳು ಈ ಒಂದು ಮಾತಿನ ಕೊರತೆಯಿಂದ ಒಡೆದಿವೆ.

ಆದರೂ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ರತ್ನಾಕರನ ಭರತನಲ್ಲಿ ಅರಿವಿಗೂ ಆಚರಣೆಗೂ ನಡುವೆ ಬಿರುಕೇ ಇಲ್ಲ. ಅವನು ಸಿಂಹಾಸನದಲ್ಲಿ ಕುಳಿತೂ ನಿರ್ಲಿಪ್ತ, ರಾಣಿಯರ ನಡುವೆಯೂ ನಿರ್ಲಿಪ್ತ. ಇದನ್ನು ಓದಿದ ಸ್ಥಿತಿವಂತ ಗೃಹಸ್ಥನಿಗೆ ತಾನೂ ಹೀಗೆಯೇ ಇದ್ದೇನೆಂದು ತೋರುವುದು ಸುಲಭ. ಗಾದಿಯಲ್ಲಿ ಕುಳಿತೂ ತನಗೆ ಆಸೆಯಿಲ್ಲ, ಅಧ್ಯಕ್ಷಸ್ಥಾನದಲ್ಲಿದ್ದೂ ತನಗೆ ಮೋಹವಿಲ್ಲ ಎಂಬ ಮಾತುಗಳಿಗೆ ಭರತೇಶವೈಭವವನ್ನು ಆಧಾರವಾಗಿ ತೋರಿಸುವುದನ್ನು ಧರ್ಮಸಭೆಗಳಲ್ಲಿ ಕೇಳಬಹುದು. ಭರತನ ನಿರ್ಲಿಪ್ತತೆಯನ್ನು ಸಂದೇಹಿಸಿದವನೊಬ್ಬನಿಗೆ ಎಣ್ಣೆ ತುಂಬಿದ ಬಟ್ಟಲನ್ನು ಕೊಟ್ಟು, ಒಂದು ಹನಿ ಚೆಲ್ಲಿದರೂ ತಲೆ ಹೋಗುವುದೆಂದು ಹೇಳಿ, ಉತ್ಸವದ ಬೀದಿಯಲ್ಲಿ ನಡೆಸಿದ ಕಥೆಯೂ ಬಳಕೆಯಲ್ಲಿದೆ. ಆ ಕಥೆಯನ್ನು ಹೇಳುವವರು ಬೀದಿಯ ವೈಭವವನ್ನು ನೆನೆಯುವಷ್ಟು ಬಟ್ಟಲನ್ನು ನೆನೆಯುವುದಿಲ್ಲ. ಬಟ್ಟಲಿಲ್ಲದೆ ಬೀದಿಯಲ್ಲಿ ನಡೆಯುವವನು ಕೇವಲ ಉತ್ಸವ ನೋಡಲು ಬಂದವನು.

ಆದುದರಿಂದ ಎರಡು ಕಾವ್ಯಗಳನ್ನೂ ಓದಬೇಕು, ಆದರೆ ಕ್ರಮವನ್ನು ಬಿಡಬಾರದು. ಪಂಪ ಬಿರುಕನ್ನು ತೋರಿಸುತ್ತಾನೆ, ರತ್ನಾಕರ ಬಿರುಕಿಲ್ಲದ ಆದರ್ಶವನ್ನು ತೋರಿಸುತ್ತಾನೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಓದಿದವರಿಗೆ ಸಿಗುವುದು ಸಮಾಧಾನ. ಎರಡನ್ನೂ ಓದಿದವರಿಗೆ ಸಿಗುವುದು ದಾರಿ.

ವಿಂಧ್ಯಗಿರಿಯ ಕಂಬ

ವೃಷಭಾಚಲ ಪುರಾಣದ ಬೆಟ್ಟ. ಆದರೆ ಅಲ್ಲಿ ನಡೆದಂಥದೇ ಒಂದು ಘಟನೆ ಇತಿಹಾಸದಲ್ಲಿಯೂ, ಬಾಹುಬಲಿಯೇ ನಿಂತಿರುವ ಬೆಟ್ಟದ ಮೇಲೆ, ನಡೆದಿದೆ. ಗಂಗರಾಜರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ ಕ್ರಿ.ಶ. 978ರಲ್ಲಿ ಚಾವುಂಡರಾಯಪುರಾಣವನ್ನು ರಚಿಸಿದ. ಅದಾಗಿ ಕೆಲವೇ ವರ್ಷಗಳಲ್ಲಿ, ಸುಮಾರು 981ರಲ್ಲಿ, ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಮಾಡಿಸಿದ. ಅರಿತದ್ದನ್ನು ಮೊದಲು ಗದ್ಯದಲ್ಲಿ ಬರೆದು ಆಮೇಲೆ ಕಲ್ಲಿನಲ್ಲಿ ನಿಲ್ಲಿಸಿದವನು ಅವನು.

ಅವನು ಆರಿಸಿಕೊಂಡ ವಸ್ತುವನ್ನು ಗಮನಿಸಬೇಕು. ವೀರಮಾರ್ತಂಡ, ರಣರಂಗಸಿಂಗ, ಸಮರಪರಶುರಾಮ ಎಂಬ ಬಿರುದುಗಳನ್ನು ಯುದ್ಧಗಳಲ್ಲಿ ಗಳಿಸಿದ ದಂಡನಾಯಕ ಕಲ್ಲಿನಲ್ಲಿ ಕಡೆಯಿಸಿದ್ದು ಅಣ್ಣನನ್ನು ಎತ್ತಿ ಹಿಡಿದ ಬಾಹುಬಲಿಯನ್ನಲ್ಲ, ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿಯನ್ನು. ಗೆಲುವಿನ ಕ್ಷಣವನ್ನು ಬಿಟ್ಟು ಬಿಡುಗಡೆಯ ಕ್ಷಣವನ್ನು ಆರಿಸಿಕೊಂಡದ್ದು ಒಬ್ಬ ಯೋಧ ಎಂಬುದರಲ್ಲಿ ಆ ಮೂರ್ತಿಯ ಅರ್ಥ ಅಡಗಿದೆ.

ಆದರೆ ಅವನೂ ಮನುಷ್ಯನೇ. ಅದೇ ಬೆಟ್ಟದ ಮೇಲಿರುವ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಅವನ ಪರಾಕ್ರಮಗಳನ್ನು ವರ್ಣಿಸುವ ವಿಸ್ತಾರವಾದ ಶಾಸನವಿತ್ತು. ಇಂದು ಅದರ ಆರಂಭದ ಭಾಗ ಮಾತ್ರ ಉಳಿದಿದೆ. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬವನು ತನ್ನ ಕೆಲವೇ ಸಾಲುಗಳ ಶಾಸನಕ್ಕಾಗಿ ಉಳಿದ ಭಾಗವನ್ನು ಅಳಿಸಿಹಾಕಿಸಿದನೆಂದು ಶಾಸನತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಆದಿಪುರಾಣ ರಚನೆಯಾಗಿ ಎರಡೂವರೆ ಶತಮಾನಗಳ ಮೇಲೆ, ಆ ಕಥೆಯ ನಾಯಕನ ಕಣ್ಣೆದುರಿಗೇ, ಆ ಕಥೆಯನ್ನು ಬಲ್ಲ ಸಮಾಜದಲ್ಲಿಯೇ ಇದು ನಡೆಯಿತು. ಕನ್ನಡ ನಾಡು ಕಳೆದುಕೊಂಡದ್ದು ಒಂದು ಪ್ರಶಸ್ತಿಯನ್ನು ಮಾತ್ರವಲ್ಲ; ಆ ಮಹಾಪುರುಷನ ಜೀವನವನ್ನು ತಿಳಿಸಬಹುದಾಗಿದ್ದ ಒಂದು ಮುಖ್ಯ ಆಧಾರವನ್ನು.

ಇತ್ತ ಗೊಮ್ಮಟನ ಪಾದದ ಬಳಿ ಚಾವುಂಡರಾಯ ಮಾಡಿಸಿದನೆಂದು ಮಾತ್ರ ಹೇಳುವ ಪುಟ್ಟ ಬರಹ ಇಂದಿಗೂ ಉಳಿದಿದೆ. ಬಿರುದುಗಳಿಲ್ಲ, ವರ್ಣನೆಯಿಲ್ಲ. ಮಾಡಿದ ಕೆಲಸದ ಪಕ್ಕದಲ್ಲಿದ್ದ ಮಾತು ಉಳಿಯಿತು, ಹೊಗಳಿಕೆ ಹೋಯಿತು. ಮೂರ್ತಿಯ ಎದುರಿಗೆ ನಿಂತಿರುವ ಗುಳ್ಳಕಾಯಜ್ಜಿಯ ಕಥೆಯೂ ಈ ಮಾತನ್ನೇ ಹೇಳುತ್ತದೆ. ದಂಡನಾಯಕನ ಕೊಡಗಟ್ಟಲೆ ಹಾಲು ಮೂರ್ತಿಯನ್ನು ಪೂರ್ತಿಯಾಗಿ ತೋಯಿಸಲಿಲ್ಲ, ಅಜ್ಜಿಯ ಗುಳ್ಳಕಾಯಿಯ ಹಾಲು ತೋಯಿಸಿತು ಎಂಬುದು ಐತಿಹ್ಯ. ಆ ಅಜ್ಜಿಯನ್ನು ಎದುರಿಗೇ ನಿಲ್ಲಿಸಿದ ಪರಂಪರೆಗೆ ನಾಯಕನ ದೌರ್ಬಲ್ಯ ಎಲ್ಲಿದೆಯೆಂಬುದು ಚೆನ್ನಾಗಿ ತಿಳಿದಿತ್ತು.

ಇಂದಿನ ಧರ್ಮದರ್ಶಿಗಳಿಗೆ

ಪುರಾಣವಿಮರ್ಶೆ ಇಂದಿನ ಬಾಳಿಗೆ ಸಲ್ಲದಿದ್ದರೆ ಅದು ಪಾಂಡಿತ್ಯದ ಪ್ರದರ್ಶನವಾಗಿ ಉಳಿಯುತ್ತದೆ. ಬಸದಿಗಳ ಆಡಳಿತವನ್ನು ಹೊತ್ತವರಿಗೆ ಭರತನ ಕಥೆಯಿಂದ ಮೂರು ವಿಷಯಗಳಲ್ಲಿ ನೇರವಾದ ಬೆಳಕು ದೊರೆಯುತ್ತದೆ.

ಮೊದಲನೆಯದು ಹೆಸರು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಬಸದಿಗಳ ಶಾಸನಗಳ ಮೇಲೆ ಸುಣ್ಣ ಬಳಿಯುವುದು, ನಿಷಿಧಿಗಲ್ಲುಗಳನ್ನು ಮೆಟ್ಟಿಲಿಗೋ ಪಾಗಾರಕ್ಕೋ ಬಳಸುವುದು, ಹಳೆಯ ನೆಲವನ್ನು ಕಿತ್ತು ಹೊಳೆಯುವ ಕಲ್ಲು ಹಾಸುವುದು ಅಲ್ಲಲ್ಲಿ ನಡೆದುಬಂದಿದೆ. ಅದೇ ಕಟ್ಟಡದ ಹೊಸ ಗೋಡೆಯಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಬರುತ್ತದೆ. ದಾನಿಯ ಹೆಸರನ್ನು ಬರೆಯುವುದು ತಪ್ಪಲ್ಲ. ಸಾವಿರ ವರ್ಷಗಳ ಜೈನ ಇತಿಹಾಸ ತಿಳಿದಿರುವುದೇ ದಾನಶಾಸನಗಳಿಂದ. ಆದರೆ ಹಿಂದಿನವನ ಹೆಸರನ್ನು ಅಳಿಸಿ ಬರೆದ ಹೆಸರು ವೃಷಭಾಚಲದ ಹೆಸರೇ. ಯಾವುದೇ ಜೀರ್ಣೋದ್ಧಾರಕ್ಕೆ ಮೊದಲು ಬಸದಿಯ ಪ್ರತಿಯೊಂದು ಬರಹದ ಕಲ್ಲಿನ ಛಾಯಾಚಿತ್ರ ತೆಗೆಸಿ, ಬಲ್ಲವರಿಂದ ಓದಿಸಿ, ಅದು ಇದ್ದಲ್ಲಿಯೇ ಇರುವಂತೆ ನೋಡಿಕೊಳ್ಳಬೇಕೆಂದು ಆಡಳಿತ ಮಂಡಳಿ ನಿರ್ಣಯ ಮಾಡಿದರೆ ಖರ್ಚು ಅಲ್ಪ, ಫಲ ಅಪಾರ.

ಎರಡನೆಯದು ಲೆಕ್ಕ. ಕಲಶದ ಸವಾಲಿನಲ್ಲಿ ಕೂಗಿದ ಹಣ ವಸೂಲಾಗದೆ ಉಳಿಯುವುದು, ದೇವರಿಗೆ ಬಂದ ದ್ರವ್ಯ ಬೇರೆ ಖರ್ಚಿಗೆ ಹೋಗುವುದು ಆಡಳಿತದಲ್ಲಿರುವವರಿಗೆ ಗೊತ್ತಾಗದ ಸಂಗತಿಗಳಲ್ಲ. ಗೊತ್ತಿದ್ದೂ, ಕೂಗಿದವರು ದೊಡ್ಡವರೆಂದೋ ನೆಂಟರೆಂದೋ ಕೇಳದೆ ಬಿಡುವುದುಂಟು. ಪರಿಗ್ರಹಪರಿಮಾಣದ ಮೇಲೆ ಉಪನ್ಯಾಸ ಏರ್ಪಡಿಸುವುದಕ್ಕೆ ಏನೂ ಕಳೆದುಕೊಳ್ಳಬೇಕಾಗಿಲ್ಲ. ಬಾಕಿದಾರರ ಪಟ್ಟಿಯಲ್ಲಿ ತನ್ನ ಮನೆಯ ಹೆಸರಿದ್ದರೂ ಅದನ್ನು ಮಹಾಸಭೆಯಲ್ಲಿ ಓದುವುದಕ್ಕೆ ಕಳೆದುಕೊಳ್ಳಬೇಕಾದದ್ದಿದೆ. ಭರತ ಹರಡಿಸಿದ ಮೊಳಕೆಗಳು ಇಂದು ಬಿದ್ದಿರುವುದು ಇಂಥ ಕಡೆಗಳಲ್ಲಿಯೇ.

ಮೂರನೆಯದು ಸ್ಥಾನ. ಪುರಾಣದ ಭರತ ಕೊನೆಯಲ್ಲಿ ಕನ್ನಡಿಯಲ್ಲಿ ಒಂದು ನರೆಗೂದಲನ್ನು ಕಂಡು, ಮಗ ಅರ್ಕಕೀರ್ತಿಗೆ ರಾಜ್ಯ ಕೊಟ್ಟು ದೀಕ್ಷೆ ವಹಿಸುತ್ತಾನೆ. ಅತ್ಯಲ್ಪ ಕಾಲದಲ್ಲಿಯೇ ಅವನಿಗೆ ಕೇವಲಜ್ಞಾನವಾಗುತ್ತದೆ. ವೃಷಭಾಚಲದ ಇಡೀ ಬಂಡೆಯಿಂದ ಆಗದ ಕೆಲಸ ಒಂದು ಕೂದಲಿನಿಂದ ಆಯಿತು. ಅಷ್ಟು ಹೊತ್ತಿಗೆ ಅವನು ಬಿಡುವುದನ್ನು ಕಲಿತಿದ್ದನೆಂಬುದೇ ಇದಕ್ಕೆ ಕಾರಣ. ಆಡಳಿತ ಮಂಡಳಿಗಳಲ್ಲಿ ನರೆಗೂದಲಿಗೆ ಕೊರತೆಯಿಲ್ಲ, ಕೊರತೆಯಿರುವುದು ಕನ್ನಡಿಗೆ. ಕಿರಿಯರಿಗೆ ಅವಕಾಶ ಕೊಡಬೇಕೆಂಬ ಮಾತನ್ನು ಪ್ರತಿ ವಾರ್ಷಿಕ ಸಭೆಯಲ್ಲಿಯೂ ಹಿರಿಯರೇ ಹೇಳುತ್ತಾರೆ, ಹೇಳಿದವರೇ ಮತ್ತೆ ಆಯ್ಕೆಯಾಗುತ್ತಾರೆ. ಅವಧಿ ಮುಗಿದ ದಿನ ಲೆಕ್ಕಪತ್ರಗಳನ್ನೂ ಬೀಗದ ಕೈಗಳನ್ನೂ ಒಪ್ಪಿಸಿ, ಮಾರನೆಯ ದಿನ ಬಸದಿಗೆ ಸಾಮಾನ್ಯ ಶ್ರಾವಕನಾಗಿ ಬರುವ ಒಬ್ಬ ಅಧ್ಯಕ್ಷ ಹತ್ತು ಉಪನ್ಯಾಸಗಳು ಕಲಿಸಲಾರದ್ದನ್ನು ಕಲಿಸುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಆದಿಪುರಾಣ ಯಾರನ್ನೂ ನಿಂದಿಸುವುದಕ್ಕಾಗಿ ಬರೆದ ಕಾವ್ಯವಲ್ಲವೆಂಬುದನ್ನೂ ಹೇಳಬೇಕು. ಅದು ಭರತನನ್ನು ಕೀಳಾಗಿಸುವುದಿಲ್ಲ, ಕೈಬಿಡುವುದೂ ಇಲ್ಲ. ಬಂಡೆಯ ಮೇಲೆ ಹೆಸರು ಅಳಿಸಿದ ಕೈಯೇ ಮುಂದೆ ತಮ್ಮನೆದುರು ಮುಗಿಯಿತು, ಕೊನೆಗೆ ರಾಜ್ಯವನ್ನೂ ಬಿಟ್ಟಿತು. ಎಡವಿದವನಿಗೂ ಮೋಕ್ಷವುಂಟೆಂಬ ಈ ಭರವಸೆಯೇ ಆ ಕಾವ್ಯದ ಕರುಣೆ. ಆದರೆ ಆ ಭರವಸೆ ಫಲಿಸುವುದು ತಿಳಿದವರಿಗೆಲ್ಲ ಅಲ್ಲ, ತಿಳಿದು ಬಿಟ್ಟವರಿಗೆ. ಜಿನವಾಣಿಯನ್ನು ಕೇಳಿದ ಪ್ರತಿಯೊಬ್ಬ ಮುಂದಾಳುವೂ ಸಭೆಯಿಂದ ಎದ್ದು ಹೋಗುವಾಗ, ಇಂದು ಕೇಳಿದ್ದರಿಂದ ತನ್ನ ಕೈಯಿಂದ ಏನು ಕೆಳಗಿಳಿಯಿತೆಂದು ತನ್ನನ್ನೇ ಕೇಳಿಕೊಂಡರೆ, ಅಲ್ಲಿಂದ ಸಮ್ಯಕ್‌ಚಾರಿತ್ರದ ಮೊದಲ ಹೆಜ್ಜೆ ಆರಂಭವಾಗುತ್ತದೆ.